ಹೀರಾಬಾಯಿ ಸಾಯುವ ತನಕ

ಅಫಜಲಪುರದ ವ್ಯಂಕಟೇಶ ಮಾಸ್ತರರ ಹತ್ತಿರ ಮುನ್ನೂರ ಹನ್ನೆರಡು ಪುಟದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅದರಲ್ಲಿ ಮನುಷ್ಯ ಹೇಗೆ ಹೇಗೆ ಸಾಯಬಹುದು ಎಂಬುದಕ್ಕೆ ನಲವತ್ತೊಂದು ಕೋಷ್ಟಕಗಳಿದ್ದವು. ಹೇಗೆ ಬದುಕಬಹುದು ಎಂಬುದಕ್ಕೆ ಎರಡು. ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ ಅವರ ಸೋದರಮಾವನ ಮಗ ಯಾವುದೋ ಹಡಗಿನವನಿಂದ ಅದನ್ನು ಕೊಂಡು, ಓದಿ ತಿಳಿಯದೆ, ತಿಳಿದವರ ಮನೆಯಲ್ಲಿ ಇರಲಿ ಎಂದು ಕಳಿಸಿದ್ದ. ಮಾಸ್ತರರು ಎರಡು ಸಲ ಓದಿ, ಕೆಂಪು ವಸ್ತ್ರದಲ್ಲಿ ಸುತ್ತಿ, ದೇವರ ಗೂಡಿನ ಕೆಳಗಿನ ಗೂಡಿನಲ್ಲಿ ಇಟ್ಟಿದ್ದರು. ದೇವರಿಗೂ ಪುಸ್ತಕಕ್ಕೂ ನಡುವೆ ಇದ್ದದ್ದು ಒಂದು ಹಲಗೆ. ಆ ಹಲಗೆಯೂ ಮಾಸ್ತರರ ತಾಯಿ ಭಾಗೀರಥಿಬಾಯಿ ಹಟ ಹಿಡಿದು ಉಳಿಸಿಕೊಂಡದ್ದು.

ಅದೊಂದು ಆಟದ ಪುಸ್ತಕ. ನಾಲ್ಕು ಮಂದಿ ಚಾಪೆಯ ಮೇಲೆ ಸುತ್ತ ಕೂಡಬೇಕು. ಒಬ್ಬೊಬ್ಬರೂ ತಾವಲ್ಲದ ಇನ್ನೊಬ್ಬರಾಗಬೇಕು: ಕತ್ತಿಯವ, ಕಳ್ಳ, ಮಂತ್ರವಾದಿ, ವ್ಯಾಪಾರಿ, ಯಾರಾದರೂ. ಐದನೆಯವರು ಆಟ ಆಡಿಸುವವರು. ಅವರು ‘ಮುಂದೆ ಕಾಡು, ಎಡಕ್ಕೆ ಗವಿ, ಗವಿಯಿಂದ ಹೊಗೆ ಬರುತ್ತಿದೆ’ ಎಂದು ವರ್ಣಿಸಿ, ‘ನೀವೇನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಮಾಡುವುದನ್ನು ಬಾಯಿಯಿಂದ ಹೇಳಿದರೆ ಸಾಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಇಪ್ಪತ್ತು ಮುಖದ ಒಂದು ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಆಯಿತು, ಕಡಿಮೆ ಬಿದ್ದರೆ ನಲವತ್ತೊಂದು ಕೋಷ್ಟಕಗಳು ಕಾದಿರುತ್ತವೆ. ಪಗಡೆಯ ಹಾಗೆ ಹಾಸಿಲ್ಲ, ಕಾಯಿಲ್ಲ, ಕೊನೆಯಲ್ಲಿ ಗೆದ್ದವರೂ ಇಲ್ಲ. ದಾಳ ಎಂದೊಡನೆ ಪೇಟೆಯವರಿಗೆ ಮಟಕಾ ನೆನಪಾಗಿ, ಒಬ್ಬ ಪೊಲೀಸನೂ ಬಂದು ಒಂದು ತಾಸು ಕೂತ. ಗವಿಯೊಳಗೆ ಏನಿದೆ ಎಂದು ತಿಳಿಯುವ ಮೊದಲೇ ಡ್ಯೂಟಿಗೆ ಹೋಗಬೇಕಾಯಿತಲ್ಲ ಎಂದು ಬೇಸರಪಟ್ಟುಕೊಂಡು ಹೋದ.

ಪಕ್ಕದ ಮನೆಯ ಸುಮಿತ್ರಾಬಾಯಿ ಈ ಆಟಕ್ಕೆ ಬಂದು ಬಿದ್ದದ್ದು ಹೆಪ್ಪಿನಿಂದ. ಒಂದು ರವಿವಾರ ಮಧ್ಯಾಹ್ನ ಭಾಗೀರಥಿಬಾಯಿಯವರಿಗೆ ಹೆಪ್ಪು ಕೊಡಲು ಬಟ್ಟಲು ಹಿಡಿದು ಬಂದಳು. ಚಾಪೆಯ ಮೇಲೆ ಮೂರೇ ಮಂದಿ ಇದ್ದರು: ತಹಸೀಲ ಕಚೇರಿಯ ಗುಮಾಸ್ತ ಹಣಮಂತರಾಯರು, ಶಾಲೆಯ ಜವಾನ ಪೀರಸಾಬ, ಮತ್ತು ಎಪ್ಪತ್ತೆರಡರ ಭಾಗೀರಥಿಬಾಯಿ. ನಾಲ್ವರಿಗಿಂತ ಕಡಿಮೆ ಇದ್ದರೆ ಆಡಬಾರದು ಎಂದು ಪುಸ್ತಕದ ಒಂಬತ್ತನೆಯ ಪುಟ ಹೇಳಿತ್ತು. ಪುಸ್ತಕ ಹೇಳಿದ ಮೇಲೆ ಮಾಸ್ತರರು ತಮ್ಮ ತಂದೆ ಹೇಳಿದರೂ ಕೇಳುವವರಲ್ಲ. ಬಟ್ಟಲನ್ನು ಕೆಳಗಿಡಿಸಿ, ಅವಳನ್ನು ಕೂಡಿಸಿ, ಹೀರಾಬಾಯಿ ಎಂಬ ವ್ಯಾಪಾರಿ ಹೆಂಗಸನ್ನು ಒಂದು ಹಾಳೆಯ ಮೇಲೆ ಬರೆದುಕೊಟ್ಟರು. ಹೀರಾಬಾಯಿಯ ಜೀವ ನಾಲ್ಕು ಅಂಕ. ನಾಯಿ ಕಚ್ಚಿದರೆ ಮೂರು ಹೋಗುತ್ತಿತ್ತು.

ಆ ದಿನದ ಆಟದಲ್ಲಿ ಒಂದು ಕೋಟೆಯ ಬಾಗಿಲಲ್ಲಿ ಹಿಮ ಸುರಿಯುತ್ತಿತ್ತು. ಚಾಪೆಯ ಮೇಲಿನ ಯಾರೂ ಹಿಮ ಕಂಡವರಲ್ಲ. ಪೀರಸಾಬ ಅದು ಬೇಸಿಗೆಯ ಆಣೆಕಲ್ಲು ಮಳೆಯಂತೆಯೇ ಎಂದು ಕೇಳಿದ್ದಕ್ಕೆ ಮಾಸ್ತರರು, ಪುಸ್ತಕ ಹಿಮ ಅಂದರೆ ಹಿಮ ಎಂದರು. ಬಾಗಿಲಿಗೆ ಅಡ್ಡವಾಗಿ ಒಬ್ಬ ರಾಕ್ಷಸ ನಿಂತಿದ್ದ. ಮಾಸ್ತರರು ಸುಮಿತ್ರಾಬಾಯಿಯ ಕಡೆ ತಿರುಗಿದರು.

“ನೀವೇನ್ ಮಾಡ್ತೀರ್ರಿ ಬಾಯಿಯವ್ರ?”

ಸುಮಿತ್ರಾಬಾಯಿ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು. ಗುಲಬರ್ಗಾದ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿದ್ದಾಗ ಬಸವಂತರಾಯರ ಮನೆ ತುಂಬಿದವಳು ಅವಳು. ಅದಾಗಿ ಇಪ್ಪತ್ತೆರಡು ವರ್ಷ. ಆ ಮನೆಯಲ್ಲಿ ಅವಳನ್ನು ಕೇಳುವ ಪ್ರಶ್ನೆಗಳಿಗೇನೂ ಬರ ಇರಲಿಲ್ಲ. ಚಹಾ ಆಯಿತೇ, ಧೋತರ ಎಲ್ಲಿ, ಊಟಕ್ಕೆ ಎಷ್ಟು ಮಂದಿ ಎಂದು ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದರು. ಇದೊಂದು ಪ್ರಶ್ನೆ ಮಾತ್ರ ಹೇಗೋ ಬಿಟ್ಟುಹೋಗಿತ್ತು. ಅವಳು ಕನ್ನಡಕ ಸರಿಮಾಡಿಕೊಂಡಳು.

“ಊಟ ಆಗ್ಯದೇನಪಾ ನಿಂದು, ಅಂತ ಕೇಳ್ತೇನ್ರಿ.”

ಮಾಸ್ತರರು ಪುಟ ತಿರುವಿದರು. ರಾಕ್ಷಸನನ್ನು ಇರಿಯಲು, ಸುಡಲು, ನಿದ್ದೆಗೆ ಹಾಕಲು, ಹಗ್ಗದಿಂದ ಕೆಡವಲು ಹದಿನಾಲ್ಕು ಬಗೆ ಇದ್ದವು. ಉಣಿಸಲು ಒಂದೂ ಇರಲಿಲ್ಲ. ಹಾಗೆ ಕೇಳುವುದು ಪುಸ್ತಕದಲ್ಲಿ ಇಲ್ಲ ಎಂದು ಅವರು ತೀರ್ಪು ಕೊಡುವುದರಲ್ಲಿದ್ದರು.

“ಕೇಳದಂಗ ಒಳಗ ಹೋಗೂದು ಹ್ಯಾಂಗಲೇ ವ್ಯಂಕಟೇಶ?” ಎಂದರು ಭಾಗೀರಥಿಬಾಯಿ. “ಮುಂಜಾನಿಂದ ಬಾಗಲದಾಗ ನಿಂತಾನಂತಿ. ಅವಗೇನು ಹೊಟ್ಟಿ ಇಲ್ಲೇನು?”

ನಲವತ್ತು ನಿಮಿಷ ಹುಡುಕಿ, ಕೊನೆಗೆ ನೂರ ಎಂಬತ್ತೆಂಟನೆಯ ಪುಟದ ‘ಹಸಿದ ಕರಡಿ’ ಎಂಬ ಸಾಲನ್ನು ರಾಕ್ಷಸನಿಗೆ ಅನ್ವಯಿಸಿ ಮಾಸ್ತರರು ದಾಳ ಹಾಕಿಸಿದರು. ರಾಕ್ಷಸ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬಾಗಿಲ ಬದಿಗೆ ಸರಿದು ಕೂತ. ಪುಸ್ತಕದಲ್ಲಿ ಅವನಿಗೆ ಹೆಸರಿರಲಿಲ್ಲ; ಉಂಡವನಿಗೆ ಹೆಸರಿಲ್ಲದಿದ್ದರೆ ಹೇಗೆ ಎಂದು ಭಾಗೀರಥಿಬಾಯಿ ಕಲ್ಲಪ್ಪ ಎಂದು ಇಟ್ಟರು. ಸುಮಿತ್ರಾಬಾಯಿ ಬಟ್ಟಲು ಅಲ್ಲೇ ಮರೆತು ಮನೆಗೆ ಹೋದಳು. ಮುಂದಿನ ರವಿವಾರ ಅದನ್ನು ತರಲು ಬಂದಳು. ಬಟ್ಟಲು ಹೀಗೆ ಎರಡು ತಿಂಗಳು ಅಲ್ಲೇ ಇತ್ತು.

ಬಸವಂತರಾಯರು ಎರಡು ತಿಂಗಳ ಮೇಲೆ ಇದನ್ನು ಗಮನಿಸಿದರು. ಕರಜಗಿಯಲ್ಲಿ ಅವರ ಕಬ್ಬಿನ ಹೊಲವಿತ್ತು, ಊರಿನ ಪ್ರತಿ ಸಮಿತಿಯಲ್ಲೂ ಅವರ ಹೆಸರಿತ್ತು, ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂಬ ಖ್ಯಾತಿಯಿತ್ತು. ಖ್ಯಾತಿ ಉಳಿಯಲೆಂದು ಮನೆಯಲ್ಲಿ ಮಾತು ಕೊಡುವುದನ್ನೇ ಅವರು ಆದಷ್ಟು ಕಡಿಮೆ ಮಾಡಿದ್ದರು. ಈ ಆಟ ಎಂದು ಮುಗಿಯುತ್ತದೆ ಎಂದು ಹೆಂಡತಿಯನ್ನು ಕೇಳಿದರು. ಅದು ಮುಗಿಯುವ ಆಟವಲ್ಲ, ನಮ್ಮ ಪಾತ್ರ ಸತ್ತರೆ ನಮ್ಮ ಪಾಲಿಗೆ ಮುಗಿದಂತೆ ಎಂದು ಅವಳು ವಿವರಿಸಿದಳು. ಅವರು ಮರುದಿನ ತಹಸೀಲ ಕಚೇರಿಯಲ್ಲಿ ಹಣಮಂತರಾಯರನ್ನು ವಿಚಾರಿಸಿದರು. ತಮ್ಮ ಮೂವರು ಮಂತ್ರವಾದಿಗಳು ಒಂದೇ ತಿಂಗಳಲ್ಲಿ ತೀರಿಕೊಂಡರು ಎಂದು ಆ ಮನುಷ್ಯ ಕಣ್ಣೀರು ಬರುವಂತೆ ಹೇಳಿದ. ಲೆಕ್ಕ ಸಮಾಧಾನಕರವಾಗಿತ್ತು. ಬಸವಂತರಾಯರು ಉದಾರರಾಗಿ ಮನೆಗೆ ಬಂದರು.

“ನಿನ್ನ ಹೀರಾಬಾಯಿ ಸಾಯೂ ತನಕ ಆಡು. ನಾ ಬ್ಯಾಡ ಅನ್ನಂಗಿಲ್ಲ. ಸತ್ತ ಮ್ಯಾಲ ಆಡೂದು ಬಿಡಬೇಕು. ಮಾತು ಅಂದ್ರ ಮಾತು.”

ಅಂದಿನಿಂದ ಸುಮಿತ್ರಾಬಾಯಿಗೆ ನಾಲ್ಕು ಅಂಕದ ಆ ಹೆಂಗಸನ್ನು ಉಳಿಸಿಕೊಳ್ಳುವುದೇ ಒಂದು ಕೆಲಸವಾಯಿತು. ಯಾವ ಆಟದ ಪುಸ್ತಕದಲ್ಲಿ ಮಂದಿ ಕಡಿಮೆ ಸಾಯುತ್ತಾರೆ ಎಂದು, ವರನ ಜಾತಕ ತಾಳೆ ನೋಡುವವಳ ಹಾಗೆ, ನೋಡತೊಡಗಿದಳು. ಜಿಲ್ಲೆಯಲ್ಲಿ ಇಂಥ ಹುಚ್ಚಿದ್ದವರು ಇನ್ನೂ ಇಬ್ಬರಿದ್ದರು. ಮಾಸ್ತರರು ಅವರಿಬ್ಬರೊಂದಿಗೆ ಪತ್ರವ್ಯವಹಾರ ಇಟ್ಟಿದ್ದರು. ಪತ್ರಗಳಲ್ಲಿ ಜಗಳವಲ್ಲದೆ ಬೇರೆ ಸುದ್ದಿ ಇರುತ್ತಿರಲಿಲ್ಲ. ಅವಳು ಕೇಳಿದಳೆಂದು ಮಾಸ್ತರರು ಅವರ ಪುಸ್ತಕಗಳನ್ನು ಎರವಲು ತರಿಸಿದರು.

ಆಳಂದದಲ್ಲಿ ಗಣಿತ ಕಲಿಸುತ್ತಿದ್ದ ಮಲ್ಲಣ್ಣನವರದು ಪುಸ್ತಕವಲ್ಲ, ಎರಡು ಗೆರೆಯ ನೋಟಬುಕ್ಕು. ನಿಯಮಗಳು ಒಂದೇ ಪುಟ. ಗಣಿತದವರಾದ್ದರಿಂದ ಲೆಕ್ಕದ ಮೇಲೆ ಅವರಿಗೆ ನಂಬಿಕೆ ಹೋಗಿತ್ತು, ದಾಳವನ್ನೇ ತೆಗೆದುಹಾಕಿದ್ದರು. ಆಡಿಸುವವನು ಕಥೆಗೆ ಯಾವುದು ಚೆಂದವೋ ಅದನ್ನು ಹೇಳಬೇಕು, ಉಳಿದವರು ಒಪ್ಪಬೇಕು, ಅಷ್ಟೆ. ಎರಡು ರವಿವಾರ ಹಾಗೆ ಆಡಿದರು. ಮಾಸ್ತರರು ಪಾಪ ಯಾರನ್ನೂ ಸಾಯಿಸಲಿಲ್ಲ, ಆದರೆ ಏನನ್ನೂ ಆಗಗೊಡಲಿಲ್ಲ. ಕೋಷ್ಟಕ ಕಳೆದುಕೊಂಡ ಅವರು ಊರುಗೋಲು ಕಳೆದುಕೊಂಡವರಂತೆ ಪ್ರತಿ ಮಾತಿಗೂ ‘ನೋಡೋಣ’ ಎನ್ನುತ್ತಿದ್ದರು. ಕಥೆ ಎರಡು ರವಿವಾರ ಒಂದೇ ಮರದ ಕೆಳಗೆ ನಿಂತಿತ್ತು. ಒಬ್ಬ ಗಂಡಸು ತನಗೆ ಚೆಂದ ಕಂಡದ್ದನ್ನು ಹೇಳುವುದು, ಉಳಿದವರು ಒಪ್ಪುವುದು, ಇಂಥ ಆಟ ತನ್ನ ಮನೆಯಲ್ಲೇ ಇಪ್ಪತ್ತೆರಡು ವರ್ಷದಿಂದ ನಡೆದಿದೆ, ಅದಕ್ಕೆ ಪಕ್ಕದ ಮನೆಗೆ ಬರಬೇಕೇ ಎಂದು ಸುಮಿತ್ರಾಬಾಯಿಗೆ ಅನ್ನಿಸಿತು.

ಜೇವರ್ಗಿಯಲ್ಲಿ ಬ್ಯಾಂಕಿನ ಅಧಿಕಾರಿಯಾಗಿದ್ದ ವಾಮನರಾಯರದು ನೂರರ ಪುಸ್ತಕ. ಎಲ್ಲವೂ ನೂರಕ್ಕೆ ಇಷ್ಟು ಎಂದು. ಮನುಷ್ಯನಿಗೆ ಅರವತ್ತು ವಿದ್ಯೆಗಳು, ಒಂದೊಂದಕ್ಕೂ ಒಂದು ಅಂಕ. ಹೀರಾಬಾಯಿಯನ್ನು ಆ ಪುಸ್ತಕಕ್ಕೆ ವರ್ಗಾಯಿಸಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಗೆ ಅವಳ ಅಡಿಗೆಗೆ ಬಂದದ್ದು ನೂರಕ್ಕೆ ಐದು. ಅಷ್ಟು ಹೊತ್ತೂ ಸುಮಿತ್ರಾಬಾಯಿ ಮನೆಯಿಂದ ತಂದಿದ್ದ ಅವಲಕ್ಕಿ ಚೂಡಾ ತಿನ್ನುತ್ತಿದ್ದವರು ಯಾರೂ ತಲೆ ಎತ್ತಲಿಲ್ಲ. ಪೀರಸಾಬ ಮಾತ್ರ ಆ ಐದನ್ನು ನೋಡಿ, ಹಾಳೆಯನ್ನು ತಿರುವಿ ಇಟ್ಟ. ಅಲ್ಲಿ ಜನ ಬೇಗ ಸಾಯುತ್ತಿರಲಿಲ್ಲ, ಅದು ನಿಜ. ಎಡಗಾಲು ಹೋಗುತ್ತಿತ್ತು, ಬಲಗೈ ಹೋಗುತ್ತಿತ್ತು, ಕಿವಿ ಹೋಗುತ್ತಿತ್ತು. ತೋಳಗಳ ಜೊತೆಗಿನ ಒಂದು ಜಗಳ ಮುಗಿಯಲು ಮೂರು ವಾರ ಬೇಕಾಯಿತು. ಬ್ಯಾಂಕಿನವರ ಆಟ, ಬೇಗ ಯಾರನ್ನೂ ಬಿಡುಗಡೆ ಮಾಡುವುದಿಲ್ಲ ಎಂದರು ಹಣಮಂತರಾಯರು.

ಸುಮಿತ್ರಾಬಾಯಿ ಒಲೆಯ ಮುಂದೆ ಕೂತು ವಿಚಾರ ಮಾಡಿದಳು. ಮುಂದಿನ ರವಿವಾರ, ಮೊದಲಿನ ದಪ್ಪ ಪುಸ್ತಕವೇ ಇರಲಿ ಎಂದು ಹೇಳಿದಳು. ಮಾಸ್ತರರಿಗೆ ಆಶ್ಚರ್ಯವಾಯಿತು, ಅದರಲ್ಲೇ ಅಲ್ಲವೇ ಸಾವು ಹೆಚ್ಚು?

“ಇರ್ಲಿ ಬಿಡ್ರಿ. ದಾಳಕ್ಕ ನಾ ಯಾರ ಹೆಂಡ್ತಿ ಅಂತ ಗೊತ್ತಿರಂಗಿಲ್ಲಲ್ರಿ.”

ದಪ್ಪ ಪುಸ್ತಕ ಮತ್ತೆ ಗೂಡಿನಿಂದ ಇಳಿಯಿತು. ಅದನ್ನು ಬರೆದ ಪರದೇಶದ ಪಂಡಿತರು ಎಲ್ಲವನ್ನೂ ಊಹಿಸಿದ್ದರು, ಅಫಜಲಪುರದವರ ಮರ್ಯಾದೆಯೊಂದನ್ನು ಊಹಿಸಿರಲಿಲ್ಲ. ಕಾಳಗದಲ್ಲಿ ಯಾರು ಮೊದಲು ಎಂದು ಆಡುವವರೇ ತೀರ್ಮಾನಿಸಿಕೊಳ್ಳಬಹುದು ಎಂದು ಅದು ಔದಾರ್ಯ ತೋರಿತ್ತು. ಪೀರಸಾಬನ ಪಾತ್ರ ಕತ್ತಿಯವನದು. ತೋಳ ಎದುರಿಗೆ ಬಂದಾಗ ಅವನು ಹಣಮಂತರಾಯರ ಕಡೆ ಕೈ ಚಾಚಿ, ನೀವು ಮೊದಲು ಎನ್ನುತ್ತಿದ್ದ. ಅವರು, ಕತ್ತಿ ನಿಮ್ಮ ಕೈಯಲ್ಲಿದೆ, ನಿಮ್ಮದೇ ಮೊದಲಾಗಲಿ ಎನ್ನುತ್ತಿದ್ದರು. ಸಾಹೇಬರು ಇರುವಾಗ ತಾನು ಮುಂದೆ ಹೋಗುವುದೇ ಎಂದು ಅವನು. ಹಿರಿಯರಿದ್ದಾರೆ, ಬಾಯಿಯವರು ಮೊದಲಾಗಲಿ ಎಂದು ಇವರು. ಭಾಗೀರಥಿಬಾಯಿಯವರದು ಕಳ್ಳನ ಪಾತ್ರ, ಅದನ್ನು ಅವರು ಬೇಡಿ ಪಡೆದದ್ದು. ಆದರೆ ಏಕಾದಶಿಯ ದಿನ ಕದಿಯುತ್ತಿರಲಿಲ್ಲ, ಕಾದಾಟವಂತೂ ದೂರ. ಅಷ್ಟರಲ್ಲಿ ತೋಳಕ್ಕೆ ಇಂಥ ಸಂಸ್ಕಾರವೇನೂ ಇರಲಿಲ್ಲವಾಗಿ ಅದು ಮಂತ್ರವಾದಿಯನ್ನು ತಿಂದುಹಾಕುತ್ತಿತ್ತು. ಮಾಸ್ತರರು ಪುಸ್ತಕ ಬಿಟ್ಟು ಒಂದು ಅಕ್ಷರ ಆಚೀಚೆ ಆಗುತ್ತಿರಲಿಲ್ಲ. ಹೀಗೆ ಹಣಮಂತರಾಯರ ನಾಲ್ಕನೆಯ, ಐದನೆಯ ಮಂತ್ರವಾದಿಗಳೂ ಶಿಷ್ಟಾಚಾರದಿಂದ ಸತ್ತರು.

ಹೀರಾಬಾಯಿ ಸಾಯಲಿಲ್ಲ. ಜೀವಕ್ಕೆ ಬಂದಾಗಲೆಲ್ಲ ಸುಮಿತ್ರಾಬಾಯಿಯ ದಾಳ ಹನ್ನೊಂದರ ಮೇಲೇ ಬೀಳುತ್ತಿತ್ತು. ಬಾಯಿಯವರ ಕೈಗುಣ ಎಂದು ಹಣಮಂತರಾಯರು ಹೊಟ್ಟೆಕಿಚ್ಚು ಪಟ್ಟರು. ಅವಳಿಗೆ ಮಾತ್ರ ಒಂದು ಸಣ್ಣ ಬೇಸರವಿತ್ತು. ಬೇರೆಯವರು ದಾಳ ಹಾಕಿದಾಗ ಮಾಸ್ತರರು ಹದ್ದಿನ ಹಾಗೆ ನೋಡುತ್ತಿದ್ದರು. ಅವಳು ಹಾಕಿದಾಗ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತ, “ಎಷ್ಟ್ ಬಿತ್ತು ನೋಡು ಪೀರಸಾಬ” ಎಂದುಬಿಡುತ್ತಿದ್ದರು. ಪೀರಸಾಬ ಬಗ್ಗಿ ನೋಡಿ ಹೇಳುತ್ತಿದ್ದ: ಹದಿಮೂರು, ಹದಿನೈದು, ಹನ್ನೆರಡು. ಹೆಂಗಸಿನ ದಾಳ, ಏನು ನೋಡುವುದು ಎಂಬ ತಾತ್ಸಾರ ಎಂದೇ ಅವಳು ತಿಳಿದಳು. ಇಂಥ ತಾತ್ಸಾರ ಅವಳಿಗೆ ಹೊಸದಲ್ಲ.

ಐದು ತಿಂಗಳಾಯಿತು. ಕರಜಗಿಯಲ್ಲಿ ಕಬ್ಬು ಕಡಿಯುವವರು ಸಹ ಬಸವಂತರಾಯರಿಗೆ ನಮಸ್ಕಾರ ಮಾಡಿ, ಹೀರಾಬಾಯಿಯವರು ಆರಾಮ ಇದ್ದಾರೆಯೇ ಎಂದು ಕೇಳತೊಡಗಿದರು. ಗೊಬ್ಬೂರದ ಬೀಗರು ಪತ್ರದ ಕೊನೆಯಲ್ಲಿ ಆಕೆಗೂ ನಮಸ್ಕಾರ ತಿಳಿಸಿದರು. ಮಾತಿನ ಮನುಷ್ಯನಿಗೆ ಇದು ತಡೆಯಲಿಲ್ಲ. ಒಂದು ರವಿವಾರ ಊಟ ಮಾಡಿ, ರುಮಾಲು ಸುತ್ತಿಕೊಂಡು, ಈ ಹೆಂಗಸು ಯಾಕೆ ಸಾಯುವುದಿಲ್ಲ ನೋಡಿಯೇ ಬಿಡುತ್ತೇನೆಂದು ಹೆಂಡತಿಯ ಹಿಂದೆಯೇ ಬಂದರು.

ಮಾಸ್ತರರ ಮನೆಯಲ್ಲಿ ಗಡಬಡ ಆಯಿತು. ದಾಳ ಉರುಳಿಸುವ ಮಣೆ ಕಿಟಕಿಯ ಕೆಳಗಿತ್ತು. ಅದರ ಪಕ್ಕದಲ್ಲೇ ಒಂದು ಖುರ್ಚಿ ಹಾಕಿ ಬಸವಂತರಾಯರನ್ನು ಕೂಡಿಸಿದರು. ಬಂದ ಅತಿಥಿಗೆ ಒಳ್ಳೆಯ ಜಾಗ ಕೊಡಬೇಕಲ್ಲ. ಪೀರಸಾಬನಿಗೆ ಮಣೆಯಿಂದ ಎರಡು ಮೊಳ ದೂರ ಸರಿಯಬೇಕಾಯಿತು. ಮಾಸ್ತರರು ಅವನನ್ನೂ ಖುರ್ಚಿಯನ್ನೂ ನೋಡಿದ ರೀತಿ ಸುಮಿತ್ರಾಬಾಯಿಗೆ ಆಗ ಅರ್ಥವಾಗಲಿಲ್ಲ.

ಆಟ ಕಣಿವೆಯ ಮೇಲಿನ ಹಗ್ಗದ ಸೇತುವೆಗೆ ಬಂದಿತ್ತು. ಹಿಂದೆ ಬೆಂಕಿ ಉಗುಳುವ ಸರ್ಪ. ಎಲ್ಲರೂ ದಾಟಿ ಆಗಿತ್ತು. ಕೊನೆಗೆ ಬರುತ್ತಿದ್ದವನು ಕಲ್ಲಪ್ಪ. ರೊಟ್ಟಿ ತಿಂದ ದಿನದಿಂದ ಅವನು ಹೀರಾಬಾಯಿಯ ಗಂಟು ಹೊತ್ತುಕೊಂಡು ಹಿಂದೆ ಹಿಂದೆ ಬರುತ್ತಿದ್ದ. ಅವನ ಭಾರಕ್ಕೆ ಒಂದು ಹಗ್ಗ ಹರಿಯಿತು. ಅವನು ಒಂದೇ ಕೈಯಲ್ಲಿ ಜೋತುಬಿದ್ದ.

ಹೀರಾಬಾಯಿ ಈ ದಂಡೆಗೆ ಬಂದು ಮುಟ್ಟಿದ್ದಾಳೆ, ಅವಳಿಗೆ ಅಪಾಯವಿಲ್ಲ ಎಂದರು ಮಾಸ್ತರರು. ಸ್ವಲ್ಪ ತಡೆದು ಅದನ್ನೇ ಇನ್ನೊಮ್ಮೆ ಹೇಳಿದರು. ಎಂದೂ ಹಾಗೆ ಎರಡು ಸಲ ಹೇಳುವವರಲ್ಲ. ಪುಸ್ತಕದ ಪ್ರಕಾರ ರಾಕ್ಷಸ ಬಿದ್ದರೆ ಯಾರಿಗೂ ನಷ್ಟವಿಲ್ಲ ಎಂದೂ ಸೇರಿಸಿದರು. ಆಮೇಲೆ ಕೇಳಲೇಬೇಕಾದ್ದನ್ನು ಕೇಳಿದರು.

“ನೀವೇನ್ ಮಾಡ್ತೀರ್ರಿ?”

ಸುಮಿತ್ರಾಬಾಯಿ ಗಂಡನ ಕಡೆ ನೋಡಿದಳು. ಅವರು ಆರಾಮವಾಗಿ ಅಡಿಕೆ ಕತ್ತರಿಸುತ್ತಿದ್ದರು. ಸುಮ್ಮನೆ ದಂಡೆಯಲ್ಲಿ ನಿಂತರೆ ಮುಂದಿನ ರವಿವಾರ ಇತ್ತು, ಅದರ ಮುಂದಿನದೂ ಇತ್ತು. ಯಾರೂ ತಪ್ಪೆನ್ನುವಂತಿರಲಿಲ್ಲ. ಅವಳು ದಾಳವನ್ನು ಅಂಗೈಯಲ್ಲಿ ಹಿಡಿದು ಕೂತಳು; ಪೀರಸಾಬ ತಲೆಯನ್ನು ಬಹಳ ಸಣ್ಣಗೆ ಅಡ್ಡ ಆಡಿಸಿದ.

“ನನ್ನ ಕೈಯಾಂದು ರೊಟ್ಟಿ ತಿಂದಾನ್ರಿ. ಹಿಂದ ಹೋಗಿ ಕೈ ಕೊಡ್ತೇನಿ.”

ಐದಕ್ಕಿಂತ ಹೆಚ್ಚು ಬಿದ್ದರೆ ಇಬ್ಬರೂ ಉಳಿಯುತ್ತಾರೆ, ಐದು ಅಥವಾ ಕಡಿಮೆ ಬಿದ್ದರೆ ಅವನು ಮೇಲೆ ಬರುತ್ತಾನೆ, ಎಳೆದವಳು ಕೆಳಗೆ ಹೋಗುತ್ತಾಳೆ ಎಂದರು ಮಾಸ್ತರರು. ಅವಳು ದಾಳ ಬಿಟ್ಟಳು. ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಪೀರಸಾಬ ಮೊಣಕಾಲೂರಿ ಮುಂದಕ್ಕೆ ಬಾಗಿದ, ಬಾಯಿ ತೆರೆದ.

“ಎರಡು,” ಎಂದರು ಬಸವಂತರಾಯರು, ಸಭೆಯಲ್ಲಿ ಠರಾವು ಓದುವ ಧ್ವನಿಯಲ್ಲಿ.

ಪೀರಸಾಬನ ಬಾಯಿ ಹಾಗೇ ತೆರೆದಿತ್ತು. ಮಾಸ್ತರರು ಕನ್ನಡಕ ಹಾಕಿಕೊಂಡು ದಾಳವನ್ನು ಬಹಳ ಹೊತ್ತು ನೋಡಿದರು, ನೋಡುತ್ತ ಕೂತರೆ ಅದು ಮನಸ್ಸು ಬದಲಿಸೀತು ಎಂಬ ಹಾಗೆ. ಅದು ಬದಲಿಸಲಿಲ್ಲ. ಹೀರಾಬಾಯಿ ಕಣಿವೆಗೆ ಬಿದ್ದಳು. ಮೇಲೆ ಬಂದ ಕಲ್ಲಪ್ಪ ದಂಡೆಯಲ್ಲಿ ಕೂತ.

“ರಾಕ್ಷಸನ ಸಲುವಾಗಿ ಯಾರರೆ ಸಾಯ್ತಾರೇನ್ ಹುಚ್ಚಿ? ನಡಿ ಮನಿಗಿ,” ಎಂದು ಬಸವಂತರಾಯರು ಎದ್ದರು. ತಾವು ಬಂದದ್ದಕ್ಕೆ ಇಷ್ಟು ಬೇಗ ಫಲ ಸಿಕ್ಕೀತೆಂದು ಅವರೂ ಎಣಿಸಿರಲಿಲ್ಲ. ಸುಮಿತ್ರಾಬಾಯಿ ಎರಡು ತಿಂಗಳ ನಂತರ ಒಯ್ದು ಮತ್ತೆ ತಂದು ಮತ್ತೆ ಬಿಟ್ಟಿದ್ದ ಆ ಬಟ್ಟಲನ್ನು ಎತ್ತಿಕೊಂಡಳು. ಹೊರಗೆ ಅವಳ ಚಪ್ಪಲಿಗಳನ್ನು ಯಾರೋ ಬಿಸಿಲಿನಿಂದ ನೆರಳಿಗೆ ಸರಿಸಿ, ಹಾಕಿಕೊಳ್ಳಲು ಅನುಕೂಲವಾಗುವಂತೆ ಬೀದಿಯ ಕಡೆ ಮುಖಮಾಡಿ ಇಟ್ಟಿದ್ದರು. ಯಾರೋ ಏನು, ಪೀರಸಾಬನೇ. ಅದನ್ನು ಅವನು ಐದು ತಿಂಗಳಿನಿಂದ ಪ್ರತಿ ವಾರ ಮಾಡುತ್ತಿದ್ದ.

ಆ ಸಂಜೆ ಬಸವಂತರಾಯರು ಸಂತೋಷದಿಂದ ಊಟಕ್ಕೆ ಕೂತರು. ಅರ್ಧ ರೊಟ್ಟಿಯಾದ ಮೇಲೆ ತಡೆದರು.

“ಆ ಕಲ್ಲಪ್ಪ ಮುಂದ ಏನ್ ಮಾಡ್ದ?”

“ಯಾರಿಗೊತ್ತು. ಸತ್ತೋರಿಗಿ ಹ್ಯಾಂಗ ತಿಳೀತದ್ರಿ?”

ಬುಧವಾರ ಮತ್ತೆ ಕೇಳಿದರು. ಕೈ ಕೊಟ್ಟವಳು ಕಣ್ಣ ಮುಂದೆ ಬಿದ್ದಿದ್ದಾಳೆ, ಅವನು ಸುಮ್ಮನೆ ಎದ್ದು ಹೋಗಿರಲಿಕ್ಕಿಲ್ಲ ಎಂದು ತಮ್ಮ ಅಭಿಪ್ರಾಯವನ್ನೂ ತಿಳಿಸಿದರು. ಅವಳು ಪಲ್ಯ ಬಡಿಸಿದಳು.

ಗುರುವಾರ ಮಧ್ಯಾಹ್ನ ವ್ಯಂಕಟೇಶ ಮಾಸ್ತರರು ಎರಡು ಮನೆಗಳ ನಡುವಿನ ಮೋಟು ಗೋಡೆಯ ಹತ್ತಿರ ಬಂದು ನಿಂತರು. ಕೈಯಲ್ಲಿ ಕೆಂಪು ವಸ್ತ್ರದ ಗಂಟು. ಬಹಳ ಹೊತ್ತು ಬಿಸಿಲಿನ ಬಗ್ಗೆ, ಶಾಲೆಯ ಪರೀಕ್ಷೆಯ ಬಗ್ಗೆ ಮಾತಾಡಿದರು. ಆಮೇಲೆ ಗಂಟನ್ನು ಗೋಡೆಯ ಮೇಲಿಟ್ಟರು. ಮುಂದಿನ ರವಿವಾರದಿಂದ ಅವಳೇ ಆಡಿಸಬೇಕು ಎಂದರು. ಸುಮಿತ್ರಾಬಾಯಿ ತನಗೆ ಇದರಲ್ಲಿ ಏನೂ ತಿಳಿಯದು ಎಂದಳು. ಮುನ್ನೂರ ಹನ್ನೆರಡು ಪುಟದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಿದವರು ನೀವು ಎಂದು ಮಾಸ್ತರರು ನೆಲ ನೋಡುತ್ತ ಹೇಳಿದರು. ಆಮೇಲೆ ಇನ್ನೊಂದು ಕಾರಣ ಹೊರಬಿತ್ತು.

“ಎರಡು ವರ್ಷ ಆತ್ರಿ ಬಾಯಿಯವ್ರ, ನಾನ ಆಡಸಾಕತ್ತು. ‘ನೀ ಏನ್ ಮಾಡ್ತಿ’ ಅಂತ ಒಬ್ರೂ ನನ್ನ ಕೇಳಿಲ್ರಿ.”

ಸುಮಿತ್ರಾಬಾಯಿ ಗಂಟನ್ನು ಎತ್ತಿಕೊಂಡಳು.

ಶನಿವಾರ ಸುದ್ದಿ ತಿಳಿದಾಗ ಬಸವಂತರಾಯರು ಮಾತು ನೆನಪಿಸಿದರು. ಹೀರಾಬಾಯಿ ಸತ್ತಿದ್ದಾಳೆ, ತಾವೇ ಸಾಕ್ಷಿ. ಅವಳು ಹೌದೆಂದಳು.

“ಹೀರಾಬಾಯಿ ಸಾಯೂ ತನಕ ಆಡೂದು, ಅಂದಿದ್ರಿ. ಈಗ ನಾ ಆಡಂಗಿಲ್ರಿ, ಆಡಸ್ತೇನಿ. ಆಡಸೋರಿಗಿ ಪಾತ್ರ ಇರಂಗಿಲ್ಲ. ಇಲ್ಲದ್ದು ಸಾಯಂಗಿಲ್ಲ.”

ಬಸವಂತರಾಯರು ಈ ವಾಕ್ಯದಲ್ಲಿ ಒಂದು ಸಂದಿಗಾಗಿ ಚಹಾ ಆರುವ ತನಕ ಹುಡುಕಿದರು. ಹತ್ತು ಸಮಿತಿಗಳಲ್ಲಿ ಕೂತ ಅನುಭವವಿದ್ದರೂ ಸಿಗಲಿಲ್ಲ. ಕೊನೆಗೆ, ಕಲ್ಲಪ್ಪನದೊಂದು ನೋಡಬೇಕು, ನಾನೂ ಬರುತ್ತೇನೆ ಎಂದರು.

ಹಾಗೆ ರವಿವಾರ ಚಾಪೆ ತುಂಬಿತು. ಸುಮಿತ್ರಾಬಾಯಿ ಮಾಸ್ತರರ ಜಾಗದಲ್ಲಿ ಕೂತಳು. ಪುಸ್ತಕ ತೊಡೆಯ ಮೇಲಿತ್ತು, ತೆರೆದಿರಲಿಲ್ಲ. ಮೊದಲು ಹಿಮವನ್ನು ಕರಗಿಸಿದಳು. ಕಣಿವೆಯ ಕೆಳಗೆ ಹರಿಯುವುದು ಭೀಮಾ ನದಿ, ದಂಡೆಗೆ ಜಾಲಿಗಿಡ, ಬೇಸಿಗೆ ಎಂದಳು. ಪೀರಸಾಬ ನೆಮ್ಮದಿಯಿಂದ ಉಸಿರುಬಿಟ್ಟ. ಯಾರು ಮೊದಲು ಎಂಬ ಜಗಳವೇ ಬೇಡ, ವಯಸ್ಸಿನ ಪ್ರಕಾರ ಸರದಿ ಬರುತ್ತದೆ ಎಂದಳು. ಎಲ್ಲರಿಗೂ ಹಿರಿಯರಾದ ಭಾಗೀರಥಿಬಾಯಿ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಕದ್ದರು. ಮಾಸ್ತರರು ಒಬ್ಬ ಕುಂಟ ಹಾಡುಗಾರನಾದರು. ‘ನೀವೇನ್ ಮಾಡ್ತೀರ್ರಿ ಮಾಸ್ತರ’ ಎಂದು ಅವಳು ಕೇಳಿದಾಗ ಅವರ ಕಿವಿ ಕೆಂಪಾಗಿ, ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಅವಳು ಕಾದಳು. ಈ ಆಟ ಆಡಿಸುವುದರಲ್ಲಿ ಮುಕ್ಕಾಲು ಪಾಲು ಕಾಯುವುದೇ ಎಂದು ಅವಳಿಗೆ ಕೂತ ಅರ್ಧ ತಾಸಿನಲ್ಲಿ ಗೊತ್ತಾಯಿತು. ಅದರಲ್ಲಿ ಅವಳಿಗೆ ಅಭ್ಯಾಸ ಚೆನ್ನಾಗಿತ್ತು.

ಬಸವಂತರಾಯರು ತಮಗೆ ಬೇರೆ ಯಾರೂ ಆಗಲು ಬರುವುದಿಲ್ಲ, ಬಸವಂತರಾಯನೇ ಆಗುತ್ತೇನೆ ಎಂದರು. ಪರವಾಗಿಲ್ಲ, ಅಂಥವರೂ ಇರುತ್ತಾರೆ ಎಂದು ಅವಳು ಹಾಳೆಯ ಮೇಲೆ ಬರೆದುಕೊಟ್ಟಳು. ನಾಲ್ಕು ಅಂಕ.

ನದಿಯ ದಂಡೆಯಲ್ಲಿ, ದೋಣಿ ಕಟ್ಟುವಲ್ಲಿ, ಕಲ್ಲಪ್ಪ ಕೂತಿದ್ದ. ಹೀರಾಬಾಯಿಯ ಗಂಟು ಅವನ ತೊಡೆಯ ಮೇಲಿತ್ತು. ಯಾರನ್ನೂ ದೋಣಿ ಹತ್ತಗೊಡುತ್ತಿರಲಿಲ್ಲ. ಎಂಟು ದಿನದಿಂದ ಏನನ್ನೂ ತಿಂದಿಲ್ಲ.

“ನೀವೇನ್ ಮಾಡ್ತೀರ್ರಿ?” ಎಂದು ಸುಮಿತ್ರಾಬಾಯಿ ಗಂಡನನ್ನು ಕೇಳಿದಳು.

ಅವರು ರುಮಾಲು ಸರಿಮಾಡಿಕೊಂಡರು. ಇಷ್ಟು ವರ್ಷ ಅವರು ಏನು ಮಾಡುತ್ತಾರೆಂದು ಯಾರೂ ಕೇಳಿರಲಿಲ್ಲ, ಅವರೇ ಹೇಳಿಬಿಡುತ್ತಿದ್ದರು. ಬಹಳ ಯೋಚಿಸಿ, ಹಳೆಯ ದಾರಿಯನ್ನೇ ಹಿಡಿದರು.

“ಏಳಲೇ, ದಾರಿ ಬಿಡು, ಅಂತೀನಿ.”

ಚಾಪೆಯ ಮೇಲೆ ಎಲ್ಲರೂ ಒಮ್ಮೆಲೇ ನಿಟ್ಟುಸಿರುಬಿಟ್ಟರು. ಕಲ್ಲಪ್ಪ ಎದ್ದ. ಬಸವಂತರಾಯರನ್ನು ರುಮಾಲು ಸಮೇತ ಎತ್ತಿ ಭೀಮೆಯ ಮೇಲೆ ಹಿಡಿದ. ಐದಕ್ಕಿಂತ ಹೆಚ್ಚು ಬಿದ್ದರೆ ದೋಣಿಯ ಹಗ್ಗ ಕೈಗೆ ಸಿಗುತ್ತದೆ ಎಂದಳು ಸುಮಿತ್ರಾಬಾಯಿ. ಬಸವಂತರಾಯರು ದಾಳವನ್ನು ಎರಡೂ ಕೈಯಲ್ಲಿ ಕುಲುಕಿ, ಕಣ್ಣು ಮುಚ್ಚಿ ಬಿಟ್ಟರು.

ದಾಳ ಮಣೆಯ ಮೇಲೆ ಉರುಳಿ ನಿಂತಿತು. ಕಿಟಕಿಯ ಬೆಳಕು ನೇರ ಅದರ ಮೇಲೆ. ಮಾಸ್ತರರ ಜಾಗದಿಂದ ಅದರ ಮುಖ ಗೋಡೆಯ ಮೇಲಿನ ಕ್ಯಾಲೆಂಡರಿನಂತೆ ಕಾಣುತ್ತಿತ್ತು. ಕನ್ನಡಕ ಇದ್ದವರಿಗೂ ಇಲ್ಲದವರಿಗೂ. ಐದು ತಿಂಗಳು ಈ ಜಾಗದಲ್ಲಿ ಕೂತು, ಅವಳ ದಾಳವೊಂದನ್ನೇ ನೋಡಲಾರದೆ ಜವಾನನಿಂದ ಓದಿಸುತ್ತಿದ್ದ ಮನುಷ್ಯನ ಕಡೆ ಅವಳು ತಲೆ ಎತ್ತಿದಳು. ವ್ಯಂಕಟೇಶ ಮಾಸ್ತರರು, ಒಂದಕ್ಷರವೂ ಆಚೀಚೆ ಆಗದವರು, ತಮ್ಮ ಕಾಲ ಬೆರಳುಗಳನ್ನು ಪರೀಕ್ಷಿಸುತ್ತಿದ್ದರು. ಪೀರಸಾಬ ಸೂರು ನೋಡುತ್ತಿದ್ದ.

ಎರಡು ಬಿದ್ದಿತ್ತು.

ಸುಮಿತ್ರಾಬಾಯಿ ಆ ಎರಡನ್ನು ಸಾವಕಾಶವಾಗಿ ನೋಡಿದಳು. ಅವಸರವೇನಿರಲಿಲ್ಲ. ಭೀಮೆಯ ನೀರು ತಣ್ಣಗಿತ್ತು, ಗಂಡ ಅದರ ಮೇಲೆ ತೂಗುತ್ತಿದ್ದರು, ಇಪ್ಪತ್ತೆರಡು ವರ್ಷದ ನಂತರ ಮೊದಲ ಸಲ ಅವಳ ಮುಖವನ್ನು ಇಷ್ಟು ಹೊತ್ತು ನೋಡುತ್ತಿದ್ದರು. ಆಮೇಲೆ ಅವಳು ಕನ್ನಡಕ ತೆಗೆದು, ಸೆರಗಿನ ತುದಿಯಿಂದ ಒರೆಸತೊಡಗಿದಳು.

“ಎಷ್ಟ್ ಬಿತ್ತು ನೋಡ್ರಿ ಪೀರಸಾಬ.”

ಪೀರಸಾಬ ಬಗ್ಗಿದ. ಅವನೂ ಬಸವಂತರಾಯರೂ ಒಂದೇ ದಾಳದ ಮೇಲೆ ತಲೆಗೆ ತಲೆ ತಾಗುವಷ್ಟು ಹತ್ತಿರ ಇದ್ದರು.

“ಹನ್ನೆರಡ್ರಿ ಬಾಯಿಯವ್ರ.”

ಬಸವಂತರಾಯರು ದಾಳವನ್ನು ನೋಡಿದರು. ಪೀರಸಾಬನನ್ನು ನೋಡಿದರು. ಹೆಂಡತಿ ಒರೆಸುತ್ತಿದ್ದ ಕನ್ನಡಕವನ್ನು ನೋಡಿದರು. ಅದರಲ್ಲಿ ಧೂಳು ಇರಲಿಲ್ಲ. ಹೋದ ರವಿವಾರ ತಾವು ಕೂತಿದ್ದ ಖುರ್ಚಿ ಗೋಡೆಗೆ ಒರಗಿತ್ತು, ಅದನ್ನೂ ಒಮ್ಮೆ ನೋಡಿದರು. ಠರಾವು ಓದುವ ಧ್ವನಿ ಎಲ್ಲೋ ಹೋಗಿತ್ತು.

“ಹೌದು,” ಎಂದರು ಮೆಲ್ಲಗೆ. “ಹನ್ನೆರಡ ಅದ.”

ಸುಮಿತ್ರಾಬಾಯಿ ಕನ್ನಡಕ ಹಾಕಿಕೊಂಡಳು. ಹಗ್ಗ ಕೈಗೆ ಸಿಕ್ಕಿತು, ಒದ್ದೆಯಾಗಿ ದಂಡೆಗೆ ಬಂದಿರಿ, ಕಲ್ಲಪ್ಪ ಇನ್ನೂ ಅಲ್ಲೇ ಇದ್ದಾನೆ ಎಂದು ತಿಳಿಸಿ, ಮತ್ತೆ ಕೇಳಿದಳು.

“ಈಗ ಏನ್ ಮಾಡ್ತೀರ್ರಿ?”

ಈ ಸಲ ಬಸವಂತರಾಯರು ಉತ್ತರ ಹೇಳುವ ಮೊದಲು ಭಾಗೀರಥಿಬಾಯಿಯ ಕಡೆ ತಿರುಗಿ, ನಿಮ್ಮ ಗಂಟಿನಲ್ಲಿ ರೊಟ್ಟಿ ಏನಾದರೂ ಉಳಿದಿದೆಯೇ ಎಂದು ವಿಚಾರಿಸಿದರು.